ಬೆರಳು ಪಕ್ಕಕ್ಕೆ ಸರಿಯದಂತೆ ಪಾಠ: ಕೆಲವು ಸೂತ್ರಗಳು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಬಾಡಿಗೆ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಅಕ್ಷರ ಕೂಡಿಸುವ ಮೊದಲೇ ಮೊಬೈಲ್ ಗೊತ್ತು. ಪಾಠ ಬೇಸರವಾದರೆ ಅವರು ಹೇಳುವುದಿಲ್ಲ, ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಾರೆ. ಅಂಥವರಿಗೆ ಆನ್‌ಲೈನಿನಲ್ಲಿ ಆಡಿಸುತ್ತಾ ಕಲಿಸಲು ಹೊರಟ ಮೇಷ್ಟ್ರುಗಳಿಗೂ ಟೀಚರುಗಳಿಗೂ ಒಂದಿಷ್ಟು ಸೂತ್ರಗಳು.

1. ಫೋನು ಯಾರದೆಂದು ಮೊದಲು ಕೇಳಿಕೊಳ್ಳಿ. ಮಗುವಿನದಲ್ಲ, ಅಪ್ಪನದೋ ಅಮ್ಮನದೋ ಇರುತ್ತದೆ. ಅಪ್ಪ ಫಸ್ಟ್ ಶಿಫ್ಟಿಗೆ ಹೋದರೆ ಫೋನೂ ಹೋಗುತ್ತದೆ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದರೆ ಒಂದೇ ಕೋಣೆಯ ಮನೆಯಲ್ಲಿ ಸದ್ದು ಮಾಡುವಂತಿಲ್ಲ. ಬೆಳಿಗ್ಗೆ ಹತ್ತಕ್ಕೆ ಲೈವ್ ಕ್ಲಾಸ್ ಇಟ್ಟು, ‘ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಅಂತ ಗೊಣಗಬೇಡಿ. ವಿಡಿಯೊ ಚಿಕ್ಕದಾಗಿರಲಿ, ಸಂಜೆ ವಾಟ್ಸಾಪಿಗೆ ಹೋಗಲಿ, ಮ್ಯೂಟ್ ಮಾಡಿ ನೋಡಿದರೂ ಅರ್ಧ ಪಾಠ ತಿಳಿಯುವಂತಿರಲಿ.

2. ಮೋಜು ಪಾಠದೊಳಗೇ ಇರಲಿ. ಮಗ್ಗಿಯ ನಡುವೆ ಮೊಲ ಕುಣಿಸಿದರೆ ಮೊಲ ನೆನಪಿರುತ್ತದೆ, ಮಗ್ಗಿ ಮರೆತುಹೋಗುತ್ತದೆ. ನಮಗಿದು ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಆಟವೇ ಪಾಠ. ಪಾಠ ಮುಗಿಸಿದ್ದಕ್ಕೆ ಕೊಡುವ ಲಂಚವಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ಶಿಕ್ಷಣ ಇಲಾಖೆ ‘ಮಕ್ಕಳವಾಣಿ’ ಎಂಬ ಯೂಟ್ಯೂಬ್ ಚಾನೆಲ್ ತೆರೆದು ಕಥೆ, ಹಾಡು, ಚಿತ್ರಕಲೆ, ಕ್ರಾಫ್ಟುಗಳನ್ನು ಮನೆಗೇ ತಲುಪಿಸಿತು. ನನ್ನ ವೋಟು ಕ್ರಾಫ್ಟಿಗೆ. ಕಾಗದ ಮಡಚಬೇಕಾದರೆ ಮಗು ಫೋನನ್ನು ಕೆಳಗಿಡಲೇಬೇಕಲ್ಲ!

3. ಊರಿನ ಬೆರಗನ್ನೇ ತೋರಿಸಿ. ಚನ್ನಪಟ್ಟಣ ನಮ್ಮ ಜಿಲ್ಲೆಯಲ್ಲೇ ಇದೆ. ಗೊಂಬೆ ಮಾಡುವವರ ಲೇತ್ ಮುಂದೆ ಕ್ಯಾಮೆರಾ ಹಿಡಿಯಿರಿ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ಬೆಂಕಿಯಿಲ್ಲ, ಬ್ರಷ್ಷಿಲ್ಲ. ಅಲ್ಲಿಗೆ ವಿಡಿಯೊ ನಿಲ್ಲಿಸಿ, ‘ಅರಗು ಯಾಕೆ ಕರಗಿತು?’ ಎಂದು ಕೇಳಿ. ಉತ್ತರ ಹೇಳಬೇಡಿ. ಮಗು ಅಂಗೈ ಉಜ್ಜಿ ನೋಡಲಿ. ಘರ್ಷಣೆಯ ವ್ಯಾಖ್ಯೆ ನಾಳೆ ಬಂದರೂ ನಡೆಯುತ್ತದೆ. ಹಾಗೇ ಕಾರ್ಖಾನೆಯಲ್ಲಿ ಮೆಷಿನಿಗೆ ಎಣ್ಣೆ ಯಾಕೆ ಬಿಡುತ್ತಾರೆ ಅಂತ ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ. ಅದನ್ನು ನಮಗಿಂತ ಚೆನ್ನಾಗಿ ವಿವರಿಸುವ ಮೇಷ್ಟ್ರು ಮನೆಯಲ್ಲೇ ಇದ್ದಾರೆ.

4. ಗಡಿಯಾರ ನೋಡಿ. ಆನ್‌ಲೈನ್ ಪಾಠದ ಬಗ್ಗೆ ಕೇಂದ್ರ ಸರ್ಕಾರದ 2020ರ ‘ಪ್ರಜ್ಞಾತ’ ಮಾರ್ಗಸೂಚಿ ಶಾಲಾಪೂರ್ವ ಮಕ್ಕಳಿಗೆ ದಿನಕ್ಕೆ 30 ನಿಮಿಷ, 1ರಿಂದ 8ನೇ ತರಗತಿಗೆ 30–45 ನಿಮಿಷದ ಎರಡು ಅವಧಿ ಸಾಕೆಂದಿತು. ನಾನು ಇನ್ನೂ ಜಿಪುಣ: ವಿಡಿಯೊಗೆ ಐದು ನಿಮಿಷ, ಒಂದೇ ವಿಷಯ.

5. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ. ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಆಗಲೇ ಒಳ್ಳೆಯ ವಿಡಿಯೊ ಇದ್ದರೆ ನೀವು ಮತ್ತೆ ಬೆವರು ಸುರಿಸಬೇಕಿಲ್ಲ.

6. ಇಲ್ಲಿ ದುಡಿಯಲು ಬಂದವರಲ್ಲಿ ಉತ್ತರ ಕರ್ನಾಟಕದವರಿದ್ದಾರೆ, ಹೊರರಾಜ್ಯದವರೂ ಇದ್ದಾರೆ. ಕನ್ನಡ ಈಗಷ್ಟೇ ಕಿವಿಗೆ ಬೀಳುತ್ತಿರುವ ಮಗುವೂ ನಿಮ್ಮ ಗ್ರೂಪಿನಲ್ಲಿರಬಹುದು. ಮಾತು ಕಡಿಮೆ, ಮಾಡಿ ತೋರಿಸುವುದು ಜಾಸ್ತಿ ಇರಲಿ. ಗ್ರಾಂಥಿಕ ಕನ್ನಡ ಪುಸ್ತಕದಲ್ಲೇ ಇರಲಿ ಬಿಡಿ.

7. ವ್ಯೂಸ್ ಎಣಿಸಬೇಡಿ, ತಾನಾಗಿ ಓಡಿದ ವಿಡಿಯೊಗೂ ವ್ಯೂಸ್ ಬರುತ್ತದೆ. ಸ್ಟಾರ್, ಕಾಯಿನ್, ರ‍್ಯಾಂಕ್ ಪಟ್ಟಿಗಳಿಂದ ಮೊದಲ ಮೂವರಿಗೆ ಖುಷಿ, ಉಳಿದವರಿಗೆ ಮನೆಯಲ್ಲಿ ಬೈಗುಳ. ಬದಲಿಗೆ ಒಂದು ವಾಯ್ಸ್ ಮೆಸೇಜ್ ಕೇಳಿ: ಎಣ್ಣೆ ವಿಚಾರಕ್ಕೆ ಅಪ್ಪ ಏನಂದ್ರು? ಉತ್ತರ ತಪ್ಪಿದ್ದರೂ ಪರವಾಗಿಲ್ಲ, ಮುಂದಿನ ವಿಡಿಯೊ ಆ ಮಗುವಿನ ಮಾತಿನಿಂದಲೇ ಶುರುವಾಗಲಿ. ಯಾರೂ ಏನೂ ಕಳಿಸಲಿಲ್ಲವೇ? ಶಿಫ್ಟ್ ಬದಲಾಗಿರಬಹುದು. ಒಂದು ಕಾಲ್ ಮಾಡಿ ವಿಚಾರಿಸಿ.