ಪರೀಕ್ಷೆ ಹುಡುಗನಿಗಷ್ಟೇ ಸಾಲದು

ನೀವು ಮದುವೆಯಾಗಲಿರುವ ಹುಡುಗ ಅಟ್ಲಾಂಟಾದ ಕಪ್ಪು ಸಮುದಾಯದವರು, ಅವರು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅದು ತಿಳಿದಾಗಿನಿಂದ ಅಮ್ಮನಿಗೆ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ವಾಹಕರಾಗಿರುವುದು ಕಾಯಿಲೆಯಲ್ಲ ಎಂದು ಅಮ್ಮನಿಗೆ ಮೊದಲು ಹೇಳಿ. ಅಮೆರಿಕದಲ್ಲಿ ಹುಟ್ಟುವ ಕಪ್ಪು ಮಕ್ಕಳಲ್ಲಿ ಸುಮಾರು 13ಕ್ಕೆ ಒಬ್ಬರು ವಾಹಕರು. ಬಹುತೇಕರು ಆರೋಗ್ಯವಾಗಿಯೇ ಬಾಳುತ್ತಾರೆ. ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಕೊಡುವ ಗುಣವಿದು, ಅದಕ್ಕೇ ಉಳಿದುಬಂದಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. ‘ಅದು ಅವರ ಜನದ ರೋಗ’ ಎನ್ನುವ ನೆಂಟರಿಗೆ ಇಷ್ಟು ಸಾಕು.

ನನಗೆ ಯೋಚನೆಯಾಗಿರುವುದು ನಿಮ್ಮ ರಕ್ತದ ಬಗ್ಗೆ. ಸಿಕಲ್ ಪರೀಕ್ಷೆ ಮಾಡಿಸಿದ್ದೇನೆ, ಏನೂ ಇಲ್ಲ ಅಂದಿದ್ದೀರಿ. ಅದು ಸಾಲದು. ಭಾರತೀಯರಲ್ಲಿ ನೂರಕ್ಕೆ ಮೂರ್ನಾಲ್ಕು ಮಂದಿ ಬೀಟಾ ಥಲಸ್ಸೇಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದ ಕಾಯಿಲೆಯ ವಾಹಕರು. ಸಿಕಲ್ ಮಾತ್ರ ಹುಡುಕುವ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ನೀವು ಅದರ ವಾಹಕರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕಡೆಯದು ಸೇರಿ ಸಿಕಲ್ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ತಡೆಯಲಾರದ ನೋವು, ಪದೇಪದೇ ಸೋಂಕು, ಕೆಲವರಿಗೆ ಪಾರ್ಶ್ವವಾಯು ಕೂಡ. ಹುಡುಗನೊಬ್ಬನನ್ನೇ ದೂರುವುದು ಅನ್ಯಾಯ.

ಆದ್ದರಿಂದ ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆಗೆ ಹಿಮೋಗ್ಲೋಬಿನ್ ಎಲೆಕ್ಟ್ರೋಫೋರೆಸಿಸ್ ಮಾಡಿಸಿ. ಕಬ್ಬಿಣದ ಕೊರತೆ ಫಲಿತಾಂಶವನ್ನು ಗೊಂದಲಗೊಳಿಸಬಹುದು, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಕೂಡ ನೋಡಿಸಿ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರಂತೂ ತಡಮಾಡಬೇಡಿ. ಇಬ್ಬರೂ ವಾಹಕರೆಂದು ತಿಳಿದರೂ ಮದುವೆ ಮುರಿಯಬೇಕಿಲ್ಲ; ಬಸಿರಿಗೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಇಬ್ಬರೂ ಒಟ್ಟಿಗೆ ಕಾಣಿ.

ಹುಡುಗನಿಗೂ ಒಂದು ಮಾತು: ಬಿಸಿಲಲ್ಲಿ ಓಡುವಾಗ ನೀರು ಕುಡಿಯುತ್ತಿರಲಿ, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಲಿ.