ಅಲ್ಪಶರ್ಕರ ಆಹಾರವೂ ಸಿಹಿಯ ಬದಲಿಗಳೂ

ಹುಬ್ಬಳ್ಳಿ-ಧಾರವಾಡಗಳ ಊಟದಲ್ಲಿ ಜೋಳದ ರೊಟ್ಟಿಗೆ ಅಗ್ರಸ್ಥಾನ. ಬದನೆಯ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯೆ, ಶೇಂಗಾ ಚಟ್ನಿ, ಮೊಸರು ಅದರ ಪರಿವಾರ. ಕೊನೆಗೆ ಅನ್ನ, ಹಬ್ಬವಿದ್ದರೆ ಹೋಳಿಗೆ, ನೆಂಟರು ಬಂದರೆ ಪೇಡೆ. ಈ ಸೀಮೆಯಲ್ಲಿ ಸಿಹಿಮೂತ್ರರೋಗ ಕಾಣಿಸಿಕೊಂಡವರಿಗೆ ಎರಡು ಸಲಹೆಗಳು ಕೇಳದೆಯೇ ದೊರೆಯುತ್ತವೆ. ಅನ್ನವನ್ನು ಬಿಟ್ಟು ರೊಟ್ಟಿಯನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂಬುದು ಒಂದು. ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಬಳಸಬಹುದೆಂಬುದು ಇನ್ನೊಂದು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿಗೂ ಮಿಕ್ಕಿದ್ದಾರೆ. ಹೀಗಿರಲು ಈ ಸಲಹೆಗಳನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯ.

ಪಿಷ್ಟವು ಶರ್ಕರವಾಗುವ ಬಗೆ

ಜೋಳ, ಅಕ್ಕಿ, ಗೋದಿಗಳ ಮುಖ್ಯ ಭಾಗವು ಪಿಷ್ಟ. ಗ್ಲೂಕೋಸಿನ ಸಾವಿರಾರು ಕಣಗಳು ಸರಪಳಿಯಂತೆ ಹೆಣೆದುಕೊಂಡು ಪಿಷ್ಟವಾಗಿರುತ್ತವೆ. ಬಾಯಿಯ ಜೊಲ್ಲೂ ಮೇದೋಜೀರಕಾಂಗದ ರಸವೂ ಆ ಸರಪಳಿಯನ್ನು ಕಡಿದು ಬಿಡಿಸುತ್ತವೆ. ಬಿಡಿಯಾದ ಗ್ಲೂಕೋಸು ರಕ್ತವನ್ನು ಸೇರಿದೊಡನೆ ಇನ್ಸುಲಿನ್ ಸ್ರವಿಸಿ ಅದನ್ನು ಜೀವಕೋಶಗಳೊಳಕ್ಕೆ ಸಾಗಿಸುತ್ತದೆ. ಇನ್ಸುಲಿನ್ ಸಾಲದಾದಾಗ, ಅಥವಾ ಜೀವಕೋಶಗಳು ಅದಕ್ಕೆ ಓಗೊಡದಿದ್ದಾಗ, ಗ್ಲೂಕೋಸು ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುತ್ತದೆ.

ನೂರು ಗ್ರಾಮು ಅಕ್ಕಿಯಲ್ಲಿ ಸುಮಾರು 78 ಗ್ರಾಮು ಶರ್ಕರಪಿಷ್ಟವಿದೆ, ಜೋಳದಲ್ಲಿ 68, ಗೋದಿಹಿಟ್ಟಿನಲ್ಲಿ 64. ಜೋಳದಲ್ಲಿ ನಾರು 10 ಗ್ರಾಮಿನಷ್ಟಿದ್ದು ಅಕ್ಕಿಯಲ್ಲಿ 3 ಗ್ರಾಮು ಮಾತ್ರ ಇರುವುದರಿಂದ ಜೋಳವು ನಿಧಾನವಾಗಿ ಜೀರ್ಣವಾಗುವುದು ನಿಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಸುಧಾರಿಸಿದ ಸದಕ ಗೋದಿಯ ತಳಿಗಳಿಗೂ ಇದೇ ಹೆಗ್ಗಳಿಕೆಯುಂಟು. ಆದರೆ ನಿಧಾನವೆಂದರೆ ಕಡಿಮೆಯೆಂದಲ್ಲ. ನಾಲ್ಕು ರೊಟ್ಟಿಗಳ ಪಿಷ್ಟವು ಕೊನೆಗೆ ನಾಲ್ಕು ರೊಟ್ಟಿಗಳ ಗ್ಲೂಕೋಸೇ ಆಗುತ್ತದೆ.

ಒಂದು ದಿನದ ಲೆಕ್ಕ

ಮುಂಜಾನೆ 60 ಗ್ರಾಮು ಅವಲಕ್ಕಿ. ಮಧ್ಯಾಹ್ನವೂ ರಾತ್ರಿಯೂ 50 ಗ್ರಾಮು ಹಿಟ್ಟಿನ ಎರಡೆರಡು ರೊಟ್ಟಿ, 60 ಗ್ರಾಮು ಅಕ್ಕಿಯ ಅನ್ನ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಚಹಾ. ಅವಲಕ್ಕಿಯಿಂದ 46, ಒಂದೊಂದು ಊಟದಿಂದ 115, ಚಹಾದಿಂದ 40. ಒಟ್ಟು 316 ಗ್ರಾಮು ಶರ್ಕರಪಿಷ್ಟ. ಗ್ರಾಮಿಗೆ 4 ಕ್ಯಾಲೊರಿಯಂತೆ 1264 ಕ್ಯಾಲೊರಿ. 2000 ಕ್ಯಾಲೊರಿಯ ಆಹಾರದಲ್ಲಿ ನೂರಕ್ಕೆ 63 ಪಾಲು.

ದಿನಕ್ಕೆ 130 ಗ್ರಾಮಿಗಿಂತ ಕಡಿಮೆಯಾದುದನ್ನು ಅಲ್ಪಶರ್ಕರ ಆಹಾರವೆನ್ನುವುದು ವೈದ್ಯರ ವಾಡಿಕೆ. 50 ಗ್ರಾಮಿಗೂ ಕೆಳಗಿಳಿಸುವ ಉಗ್ರಪದ್ಧತಿಯೇ ‘ಕೀಟೋ’. ಆರಂಭಿಸುವವರಿಗೆ ಉಗ್ರಪದ್ಧತಿ ಬೇಕಾಗಿಲ್ಲ. ಮೊದಲನೆಯ ವಾರ ಚಹಾದ ಸಕ್ಕರೆಯನ್ನು ಬಿಟ್ಟರೆ ಮೊತ್ತ 276ಕ್ಕಿಳಿಯುತ್ತದೆ. ಎರಡನೆಯ ವಾರ ರಾತ್ರಿಯ ಅನ್ನವನ್ನು ಬಿಟ್ಟರೆ 229. ಮೂರನೆಯ ವಾರ ಅವಲಕ್ಕಿಗೆ ಬದಲಾಗಿ 50 ಗ್ರಾಮು ಹೆಸರುಬೇಳೆಯ ದೋಸೆಯನ್ನು ಮಾಡಿಕೊಂಡರೆ 209. ನಾಲ್ಕನೆಯ ವಾರ ಮಧ್ಯಾಹ್ನದ ಅನ್ನವನ್ನೂ ರಾತ್ರಿಯ ಒಂದು ರೊಟ್ಟಿಯನ್ನೂ ಬಿಟ್ಟರೆ 128. ಮಿಕ್ಕ ಕಾಳು, ಪಲ್ಯೆ, ಮೊಸರುಗಳ ಪಾಲು ಸೇರಿ ಇದು 150ರ ಆಸುಪಾಸಿಗೆ ಬರಬಹುದು. ಆದರೂ ಮೊದಲಿನದರ ಅರ್ಧದಷ್ಟಾಯಿತು.

ತೆರವಾದ ಜಾಗವನ್ನು ತುಂಬದಿದ್ದರೆ ಹಸಿವು ಸುಮ್ಮನಿರದು. ಪುಂಡಿಪಲ್ಯೆ, ಮೆಂತ್ಯೆ, ಹಕ್ಕರಿಕೆಗಳನ್ನು ಹೆಚ್ಚಿಸಬೇಕು. ಮೊಸರು, ಮೊಟ್ಟೆ, ಮೊಳಕೆಕಾಳು, ಶೇಂಗಾ, ಗುರೆಳ್ಳು, ಅಗಸೆಗಳಿಂದ ಸಸಾರಜನಕವನ್ನೂ ಕೊಬ್ಬನ್ನೂ ಪಡೆಯಬೇಕು. ಮೊದಲ ವಾರದಲ್ಲಿ ತೂಕವು ಬೇಗ ಇಳಿದರೆ ಹಿಗ್ಗಬೇಕಾಗಿಲ್ಲ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ಅದರೊಡನಿದ್ದ ನೀರೂ ಹೊರಬೀಳುತ್ತದೆ. ಇಳಿದ ತೂಕದ ಬಹುಭಾಗ ಆ ನೀರೇ. 2021ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬಂದ ಸಮಗ್ರ ವಿಮರ್ಶೆಯಂತೆ, ಆರು ತಿಂಗಳಲ್ಲಿ ಈ ಆಹಾರದಿಂದ ರೋಗದ ಉಪಶಮನ ಹೆಚ್ಚಾಗಿ ಕಂಡುಬಂದರೂ ವರ್ಷ ತುಂಬುವಷ್ಟರಲ್ಲಿ ಆ ಅಂತರ ಕುಗ್ಗುತ್ತದೆ. ಬಾಳಿಕೆ ಬರುವಂಥ ಪದ್ಧತಿಯೇ ಲೇಸು.

ಮರೆಯಬಾರದ ಎಚ್ಚರಿಕೆ

ಇನ್ಸುಲಿನ್ನನ್ನಾಗಲಿ ಗ್ಲಿಮೆಪಿರೈಡಿನಂಥ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರು ಔಷಧದ ಪ್ರಮಾಣವನ್ನು ಹಾಗೆಯೇ ಇಟ್ಟು ಊಟವನ್ನು ಮಾತ್ರ ಇಳಿಸಿದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯುತ್ತದೆ. ಬೆವರು, ನಡುಕ, ಮಂಪರು ಅದರ ಲಕ್ಷಣಗಳು; ಪ್ರಜ್ಞೆ ತಪ್ಪಿ ಪ್ರಾಣಕ್ಕೂ ಸಂಚಕಾರ ಬರಬಹುದು. ಡಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆಗಳೊಡನೆ ಕೀಟೋ ಪದ್ಧತಿಯನ್ನು ಹಿಡಿದರೆ ಸಕ್ಕರೆಯ ಮಟ್ಟ ಹೆಚ್ಚದೆಯೇ ರಕ್ತವು ಆಮ್ಲಮಯವಾಗುವ ಅಪಾಯವುಂಟು. ಆದುದರಿಂದ ಔಷಧ ಸೇವಿಸುವವರೂ ಗರ್ಭಿಣಿಯರೂ ಮೂತ್ರಪಿಂಡದ ರೋಗಿಗಳೂ ವೈದ್ಯರನ್ನು ಕಂಡ ಮೇಲೆಯೇ ಆರಂಭಿಸತಕ್ಕದ್ದು. ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸಲೇಕೂಡದು.

ಸಿಹಿಗೆ ಏನು?

ಬೆಲ್ಲದ ನೂರು ಗ್ರಾಮಿನಲ್ಲಿ ಸುಮಾರು 85 ಗ್ರಾಮು ಶರ್ಕರವೇ. ಜೇನಿನಲ್ಲಿ 80ರಷ್ಟು. ಬಣ್ಣವೂ ಪರಿಮಳವೂ ಬೇರೆಯಾದರೂ ರಕ್ತಕ್ಕೆ ಅವು ಸಕ್ಕರೆಯ ಒಡಹುಟ್ಟಿದವು. ಎರಡನೆಯ ಸಲಹೆಯೂ ಇಲ್ಲಿಗೆ ಬಿದ್ದುಹೋಯಿತು.

ಕೃತಕ ಸಿಹಿಗಳಲ್ಲಿ ಹಿರಿಯದು ಸ್ಯಾಕರಿನ್. 1879ರಲ್ಲಿ ಫಾಲ್ಬರ್ಗ್ ಎಂಬ ರಸಾಯನಜ್ಞನು ಊಟಕ್ಕೆ ಕುಳಿತಾಗ ತನ್ನ ಬೆರಳು ಸಿಹಿಯಾಗಿರುವುದನ್ನು ಕಂಡು ಇದನ್ನು ಗುರುತಿಸಿದನು. ಇದು ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ಕೊನೆಗೆ ಕೊಂಚ ಕಹಿ. 1965ರಲ್ಲಿ ದೊರೆತ ಆಸ್ಪರ್ಟೇಮ್ 200 ಪಟ್ಟು ಸಿಹಿ. ಆದರೆ ಕುದಿಸಿದರೆ ಸಿಹಿ ಕುಂದುವುದರಿಂದ ಚಹಾ ಇಳಿಸಿದ ಮೇಲೆ ಹಾಕಬೇಕು. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟುರೋಗವುಳ್ಳವರಿಗೆ ಇದು ನಿಷಿದ್ಧ. 600 ಪಟ್ಟು ಸಿಹಿಯಾದ ಸುಕ್ರಲೋಸನ್ನು 1976ರಲ್ಲಿ ಲಂಡನ್ನಿನಲ್ಲಿ ಕಂಡುಕೊಂಡವರು ನಮ್ಮ ದೇಶದ ಶಶಿಕಾಂತ ಫಡ್ನೀಸರು. ಪರೀಕ್ಷಿಸು ಎಂದ ಮಾತನ್ನು ರುಚಿ ನೋಡು ಎಂದು ಕೇಳಿಸಿಕೊಂಡು ಅವರು ನಾಲಗೆಗೆ ಹಚ್ಚಿದರಂತೆ! ಪೆರಗ್ವೆ ಸೀಮೆಯ ಸ್ಟೀವಿಯಾ ಎಲೆಯ ಸತ್ತ್ವಕ್ಕೆ ನಮ್ಮಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಎರಿತ್ರಿಟಾಲ್ ಸಕ್ಕರೆಯ ನೂರಕ್ಕೆ 70ರಷ್ಟು ಸಿಹಿ. ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಆದರೆ ರಕ್ತದಲ್ಲಿ ಅದರ ಮಟ್ಟ ಹೆಚ್ಚಿದ್ದವರಲ್ಲಿ ಹೃದ್ರೋಗವೂ ಹೆಚ್ಚಾಗಿದ್ದುದನ್ನು 2023ರ ಅಧ್ಯಯನವೊಂದು ಕಂಡಿತು. ಕಾರಣ-ಕಾರ್ಯಸಂಬಂಧ ಇನ್ನೂ ಸಿದ್ಧವಾಗಿಲ್ಲ.

ತೂಕವನ್ನಿಳಿಸಲೆಂದು ಇಂಥ ಸಕ್ಕರೆಯಲ್ಲದ ಸಿಹಿಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈಗಾಗಲೇ ಸಿಹಿಮೂತ್ರರೋಗವುಳ್ಳವರಿಗೆ ಆ ಸೂಚನೆ ಅನ್ವಯಿಸದು. ಅವರು ಸಕ್ಕರೆಗೆ ಬದಲಾಗಿ ಮಿತವಾಗಿ ಬಳಸಬಹುದು. ಆದರೆ ಪೊಟ್ಟಣದ ಪುಡಿಗಳಲ್ಲಿ ಗಾತ್ರಕ್ಕಾಗಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ವಸ್ತುವನ್ನು ಬೆರೆಸಿರುವುದುಂಟು. ಚೀಟಿಯನ್ನು ಓದಿ ಕೊಳ್ಳುವುದು ಮೇಲು.

‘ಸಕ್ಕರೆರಹಿತ’ ಪೇಡೆಗೂ ಇದೇ ಮಾತು. ಸುಮಾರು ಐದು ಪಾಲು ಹಾಲು ಬತ್ತಿ ಒಂದು ಪಾಲು ಖೋವಾ ಆಗುವಾಗ ಹಾಲಿನ ಸ್ವಂತ ಶರ್ಕರವೂ ಸಾಂದ್ರವಾಗುತ್ತದೆ. ಮೇಲೆ ಸಕ್ಕರೆ ಹಾಕದಿದ್ದರೂ ಅದು ಶರ್ಕರರಹಿತವಲ್ಲ. ಹಬ್ಬದ ದಿನ ಒಂದು ಪೇಡೆಯನ್ನು ತಿಂದು ಅಂದು ಒಂದು ರೊಟ್ಟಿಯನ್ನು ಬಿಡುವವರು ಲೆಕ್ಕವನ್ನು ಸರಿಯಾಗಿ ಕಲಿತವರು. ನಾಲಗೆಯೂ ಕಲಿಯಬಲ್ಲದು: ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ತಿಂಗಳೊಳಗೆ ಬದಲಿ ಸಿಹಿಯ ಅವಶ್ಯಕತೆಯೇ ಬೀಳದಿರಬಹುದು.