ಮ್ಯಾಕೋ ವಿಂಡೋಸೋ, ಪ್ರೆಸ್ಸಿನವರನ್ನು ಕೇಳಿ

ಪುಟವಿನ್ಯಾಸ, ಮುಖಪುಟದ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ: ಮ್ಯಾಕ್ ತಗೊಳ್ಳಲೋ, ವಿಂಡೋಸ್ ಸಾಕೋ? ಈಚೆಗೆ ಲಿನಕ್ಸ್ ಹೆಸರೂ ಸೇರಿಕೊಂಡಿದೆ. ನಾನು ತಿರುಗಿ ಕೇಳುವುದೂ ಒಂದೇ: ನಿನಗೆ ಮ್ಯಾಟರ್ ಯಾರಿಂದ ಬರುತ್ತದೆ, ಮುಗಿದ ಫೈಲು ಯಾರ ಹತ್ತಿರ ಹೋಗುತ್ತದೆ? ಇಂಗ್ಲಿಷಿನಲ್ಲಿ ಮಾಡುವವರಿಗೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಕನ್ನಡದಲ್ಲಿ ಮಾಡುವವರಿಗೆ ಪರದೆಯ ಚೆಂದ, ಪ್ರೊಸೆಸರಿನ ವೇಗ ಎಲ್ಲವೂ ಆಮೇಲಿನ ಮಾತು.

ನಾನು ಕೆಲಸ ಕಲಿತದ್ದು ಗದುಗಿನ ಒಂದು ಪ್ರೆಸ್ಸಿನಲ್ಲಿ. ಮುದ್ರಣ ಕಾಶಿ ಎಂದು ಹೆಸರಾದ ಊರು ಅದು. ಅಸೆಂಬಲ್ ಮಾಡಿಸಿದ ಕಂಪ್ಯೂಟರು, ಅದರಲ್ಲಿ ವಿಂಡೋಸ್ 98, ಪೇಜ್‌ಮೇಕರ್ 6.5. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಅದೂ ಮ್ಯಾಕಿಂತೋಷಿಗಾಗಿ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಏನೂ ಬದಲಾಗುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿ ಎಂದು ನಮ್ಮ ಕೈಗೆ ಸಿಕ್ಕ ಕನ್ನಡವೆಲ್ಲ ವಿಂಡೋಸಿನ ಕನ್ನಡ. ಹೊಸ ಯಂತ್ರದ ಮಾತು ಬಂದಾಗಲೆಲ್ಲ ನಮ್ಮ ಸಾವ್ಕಾರ್ರು, 'ಕೆಟ್ರ ಇಲ್ಲೇ ರಿಪೇರಿ ಮಾಡಾವ ಅದಾನೇನು, ಅದನ್ನ ಮೊದ್ಲು ಕೇಳ್ರಿ' ಅನ್ನುತ್ತಿದ್ದರು. ಮ್ಯಾಕ್ ರಿಪೇರಿ ಮಾಡುವವರು ಆಗ ಗದುಗಿನಲ್ಲಿ ಇರಲಿಲ್ಲ. ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು.

ಬೆಂಗಳೂರಿಗೆ ಬಂದು ಒಂದು ಸ್ಟುಡಿಯೋ ಸೇರಿದಾಗ ಮ್ಯಾಕ್ ಕೈಗೆ ಬಂತು. ಜಾಹೀರಾತು ಕೆಲಸವೆಲ್ಲ ಇಂಗ್ಲಿಷಿನಲ್ಲಿ, ಹಾಯಾಗಿತ್ತು. ತೊಡಕು ಶುರುವಾದದ್ದು ಒಬ್ಬ ಲೇಖಕರು ನುಡಿಯಲ್ಲಿ ಟೈಪು ಮಾಡಿಸಿದ ಮ್ಯಾಟರನ್ನು ಬರಿಯ ಟೆಕ್ಸ್ಟ್ ಫೈಲಾಗಿ ಕಳಿಸಿದ ದಿನ. ಆ ಫೈಲನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿದ್ದರಿಂದಲೇ ಈ ವೇದಿಕೆಗಳ ಜಗಳ ನನಗೆ ಅರ್ಥವಾಯಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳೆಯ ನುಡಿಯ ಫಾಂಟಿನಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಜಾಗವಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. 'ಕನ್ನಡ' ಎಂದು ಟೈಪು ಮಾಡಿದರೆ ಫೈಲಿನೊಳಗೆ ನಿಜವಾಗಿ ಕೂರುವುದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯು, ಮತ್ತೊಮ್ಮೆ ಅದೇ ಎ. ಓರೆಗೆರೆಯ ಎ ಅಂದರೆ ತಲೆಕಟ್ಟು. ಜರ್ಮನ್ ಎಸ್ ಅಂದರೆ ನ ಒತ್ತು. ವಿಂಡೋಸಿನಲ್ಲಿ ಆ ಎ ಇರುವುದು 192ನೇ ಮನೆಯಲ್ಲಿ. ಹಳೆಯ ಮ್ಯಾಕಿನ ಪಟ್ಟಿಯಲ್ಲಿ ಅದಕ್ಕೆ ಕೊಟ್ಟದ್ದು 203ನೇ ಮನೆ. 192ರಲ್ಲಿ ಅಲ್ಲಿ ವಾಸವಾಗಿರುವುದು ಸ್ಪ್ಯಾನಿಷಿನ ತಲೆಕೆಳಗಾದ ಪ್ರಶ್ನೆಯ ಚಿಹ್ನೆ. ಪೌಂಡಿನ ಗುರುತು ಮಾತ್ರ ಎರಡರಲ್ಲೂ 163. ಹೀಗಾಗಿ ಆ ಫೈಲನ್ನು ಮ್ಯಾಕಿನಲ್ಲಿ ತೆರೆದಾಗ ನ ಎಂಬ ಅಕ್ಷರದ ಒಡಲು ನೆಟ್ಟಗೆ ನಿಂತಿತ್ತು, ತಲೆಕಟ್ಟುಗಳೆಲ್ಲ ಮಾಯ, ಒತ್ತುಗಳ ಜಾಗದಲ್ಲಿ ಇನ್ನೇನೋ. ಇಡೀ ಕಾದಂಬರಿ ಹಾಗೆ. ತಪ್ಪು ಟೈಪು ಮಾಡಿದವರದ್ದಲ್ಲ, ನನ್ನದೂ ಅಲ್ಲ. ಎರಡು ಕಂಪನಿಗಳು ಯುರೋಪಿನ ಅಕ್ಷರಗಳನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿದ್ದಕ್ಕೆ ನಮ್ಮ ತಲೆಕಟ್ಟು ದಂಡ ಕಟ್ಟಬೇಕಾಯಿತು, ಅಷ್ಟೆ.

ಯುನಿಕೋಡ್ ಬಂದ ಮೇಲೆ ಈ ಕಷ್ಟ ತೀರಿತಲ್ಲ ಅನ್ನಬಹುದು. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಪುಟ ಕಟ್ಟುವ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸುವ ವಿದ್ಯೆ ಬರಬೇಕಲ್ಲ! ಇನ್‌ಡಿಸೈನಿಗೆ ಅದು ಸರಿಯಾಗಿ ಬಂದದ್ದು 2012ರ ಸಿಎಸ್6ರಲ್ಲಿ, ವರ್ಲ್ಡ್ ರೆಡಿ ಕಂಪೋಸರ್ ಮೂಲಕ. ಪ್ಯಾರಾಗ್ರಾಫ್ ಪ್ಯಾನೆಲಿನಲ್ಲಿ ಅದನ್ನು ಆರಿಸದಿದ್ದರೆ ಇವತ್ತಿಗೂ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡುತ್ತದೆ. ಆರಿಸಿದರೆ ಮ್ಯಾಕಿನಲ್ಲೂ ವಿಂಡೋಸಿನಲ್ಲೂ ಸಾಲು ಒಂದೇ ಕಡೆ ಮುರಿಯುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ, ಯಂತ್ರವಲ್ಲ. ಷರತ್ತು ಒಂದೇ, ಎರಡೂ ಕಡೆ ಅದೇ ಫಾಂಟ್ ಇರಬೇಕು. ವಿಂಡೋಸಿನ ತುಂಗಾ ಮ್ಯಾಕಿನಲ್ಲಿಲ್ಲ, ಮ್ಯಾಕಿನ ಕನ್ನಡ ಸಂಗಮ್ ವಿಂಡೋಸಿನಲ್ಲಿಲ್ಲ. ನಾನು ಎರಡನ್ನೂ ಬಿಟ್ಟು ನೋಟೋ, ಬಾಲೂ ತಮ್ಮ ಥರದ ಮುಕ್ತ ಫಾಂಟುಗಳಿಗೆ ಬಂದುಬಿಟ್ಟೆ. ಅಂದಿನಿಂದ ಎಡಗೈ ಮ್ಯಾಕಿನ ಮೇಲೆ, ಬಲಗೈ ವಿಂಡೋಸಿನ ಮೇಲೆ ಇಟ್ಟು ಕೆಲಸ ಮಾಡಿದರೂ ನಡೆಯುತ್ತದೆ.

ಪರೀಕ್ಷೆ ಮಾಡದೆ ಯಾವ ತಂತ್ರಾಂಶವನ್ನೂ ಕೊಳ್ಳಬೇಡಿ ಎನ್ನುವುದಕ್ಕೂ ಇದೇ ಕಾರಣ. ತಿಂಗಳ ಚಂದಾ ಬೇಡ, ಒಂದೇ ಸಲ ದುಡ್ಡು ಕೊಟ್ಟರೆ ಸಾಕು ಎನ್ನುವ ಒಂದು ಚೆಂದದ ವಿನ್ಯಾಸ ತಂತ್ರಾಂಶವನ್ನು ಮ್ಯಾಕಿನಲ್ಲಿ ಹಾಕಿ ನೋಡಿದೆ. 'ಶಾಸ್ತ್ರಜ್ಞ' ಎಂದು ಬರೆದೆ. ಅರ್ಧಾಕ್ಷರಗಳು ಒಂದೊಂದಾಗಿ ಸಾಲಾಗಿ ನಿಂತವು. ಐದು ನಿಮಿಷದಲ್ಲಿ ತೆಗೆದೆ. ಹೊಸದು ಏನೇ ಬಂದರೂ 'ಶಾಸ್ತ್ರಜ್ಞ', 'ರಾಷ್ಟ್ರೀಯ', 'ಕಾರ್ಯಕರ್ತ' ಈ ಮೂರು ಪದ ಹೊಡೆದು ನೋಡುವುದು ನನ್ನ ರೂಢಿ. ಅಚ್ಚರಿಯೆಂದರೆ ಬಿಡಿಗಾಸೂ ಕೇಳದ ಇಂಕ್‌ಸ್ಕೇಪ್ ಇದನ್ನು ಲಿನಕ್ಸಿನಲ್ಲಿ ಸಲೀಸಾಗಿ ದಾಟಿತು. ಸ್ಕ್ರೈಬಸ್ ಬಹಳ ತಡ. ಒತ್ತಕ್ಷರ ಕೂಡಿಸುವ ಸ್ಥಿರ ಆವೃತ್ತಿ 1.6 ಹೊರಬಂದದ್ದು 2024ರ ಜನವರಿಯಲ್ಲಿ. ಚಿಕ್ಕ ಪುಸ್ತಕಗಳನ್ನು ಅದರಲ್ಲಿ ಮಾಡಿ ಪಿಡಿಎಫ್ ಕೊಟ್ಟಿದ್ದೇನೆ, ಪ್ರೆಸ್ಸಿನವರು ಗೊಣಗದೆ ಪ್ಲೇಟ್ ತೆಗೆದರು.

ಪಿಡಿಎಫ್ ತೆಗೆದುಕೊಳ್ಳುವ ಪ್ರೆಸ್ಸಾದರೆ ಸರಿ. ಲಗ್ನಪತ್ರಿಕೆ ಮತ್ತು ಫ್ಲೆಕ್ಸಿನ ಲೋಕವೇ ಬೇರೆ. ಅಲ್ಲಿ ನಡೆಯುವ ನಾಣ್ಯ ಕೋರೆಲ್ ಡ್ರಾ. ಅದೂ ಹಳೆಯ ಆವೃತ್ತಿ. 'ಸಾರ್, 12ಕ್ಕೆ ಇಳಿಸಿ ಸೇವ್ ಮಾಡಿ, ಕರ್ವ್ಸ್ ಮಾಡಿ ಕಳಿಸಿ' ಎಂದು ಫೋನು ಬರುತ್ತದೆ. ನಡುವೆ ಬಹಳ ವರ್ಷ ಮ್ಯಾಕಿಗೆ ಕೋರೆಲ್ಲೇ ಇರಲಿಲ್ಲ, ಮರಳಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಬಳೇಪೇಟೆಯಿಂದ ಬೀದರಿನವರೆಗೆ ಎಲ್ಲ ಅಂಗಡಿಗಳೂ ವಿಂಡೋಸಿನಲ್ಲಿ ಬೇರು ಬಿಟ್ಟಿದ್ದವು. ಕರ್ವ್ಸ್ ಮಾಡಿದ ಮೇಲೆ ಅಕ್ಷರ ಅಕ್ಷರವಾಗಿರುವುದಿಲ್ಲ, ಚಿತ್ರವಾಗುತ್ತದೆ. ವಧುವಿನ ತಂದೆ ಕೊನೆಯ ಗಳಿಗೆಯಲ್ಲಿ ಹೆಸರಿಗೆ ದೀರ್ಘ ಬೇಕು ಅಂದರೆ ಅಂಗಡಿಯ ಹುಡುಗ ಮುಹೂರ್ತದ ಸಾಲಿನಲ್ಲಿರುವ ಒಂದು ದೀರ್ಘವನ್ನು ಕಾಪಿ ಮಾಡಿ, ಎಳೆದು ತಂದು, ಕುಗ್ಗಿಸಿ ಹಚ್ಚುತ್ತಾನೆ. ನೋಡಿದ್ದೇನೆ. ಗುರುತೇ ಸಿಗದಂತೆ ಹಚ್ಚುತ್ತಾನೆ. ಅಂಥವನ ಜೊತೆ ವ್ಯವಹಾರವಿರುವವರು ಮ್ಯಾಕ್ ಕೊಂಡು ಸಾಧಿಸುವುದೇನು?

ಬಣ್ಣದ ವಿಷಯದಲ್ಲಿ ಮ್ಯಾಕ್ ಮೇಲು ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೊಂದು ಕಾಲದಲ್ಲಿ ಆಧಾರವಿತ್ತು. ಮ್ಯಾಕಿನ ಪರದೆಯ ಗಾಮಾ 1.8, ವಿಂಡೋಸಿನದ್ದು 2.2, ಮ್ಯಾಕಿನಲ್ಲಿ ಹದ ಮಾಡಿದ ಫೋಟೋ ವಿಂಡೋಸಿನಲ್ಲಿ ಕಪ್ಪಿಟ್ಟಂತೆ ಕಾಣುತ್ತಿತ್ತು. 2009ರ ಸ್ನೋ ಲೆಪರ್ಡಿನಲ್ಲಿ ಆಪಲ್ ಕೂಡ 2.2ಕ್ಕೆ ಬಂತು. ಈಗ ವ್ಯತ್ಯಾಸವೆಲ್ಲ ಮಾನಿಟರಿನದ್ದು, ಅದನ್ನು ಕ್ಯಾಲಿಬ್ರೇಟ್ ಮಾಡಿದ್ದೀರೋ ಇಲ್ಲವೋ ಎಂಬುದರದ್ದು. ಅದರ ಮೇಲೆ ಕಾಗದದ್ದು. ಪರದೆಯ ಕುಂಕುಮಗೆಂಪು ಮ್ಯಾಪ್‌ಲಿಥೋ ಕಾಗದದ ಮೇಲೆ ಇಟ್ಟಿಗೆಯ ಬಣ್ಣವಾಗುವುದನ್ನು ಯಾವ ಕಂಪನಿಯ ಯಂತ್ರವೂ ತಡೆಯುವುದಿಲ್ಲ.

ಮರುಮುದ್ರಣದ ಕೆಲಸ ಇರುವವರು ಮಾತ್ರ ಇನ್ನೊಂದು ಲೆಕ್ಕ ಹಾಕಬೇಕು. ಕನ್ನಡದ ಪ್ರಕಾಶಕರ ಕಪಾಟುಗಳಲ್ಲಿ ಪೇಜ್‌ಮೇಕರ್ ಫೈಲು ತುಂಬಿದ ಸೀಡಿಗಳಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರ 7. ಮ್ಯಾಕಿನ ಓಎಸ್ ಟೆನ್ನಿಗೆ ಅದು ನೇರವಾಗಿ ಬರಲೇ ಇಲ್ಲ. 2019ರ ಕೆಟಲಿನಾ 32 ಬಿಟ್‌ನ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಹೊರಹಾಕಿತು. ವಿಂಡೋಸ್ ಹಾಗಲ್ಲ, ಹಳೆಯ ಸಾಮಾನು ಎಸೆಯಲು ಮನಸ್ಸು ಬಾರದ ಮನೆ. ನಾನು ಎಕ್ಸ್‌ಪಿಯನ್ನು ವಿಂಡೋಸಿನೊಳಗೇ ವರ್ಚುವಲ್ ಯಂತ್ರವಾಗಿ ಇಟ್ಟುಕೊಂಡು ಅದರಲ್ಲಿ ಪೇಜ್‌ಮೇಕರ್ ತೆರೆಯುತ್ತೇನೆ, ಮ್ಯಾಟರ್ ಹೊರತೆಗೆದು ಯುನಿಕೋಡಿಗೆ ಪರಿವರ್ತಿಸುತ್ತೇನೆ. ಆಗೊಂದು ತಮಾಷೆ ನಡೆಯುತ್ತದೆ: ಟೆಕ್ಸ್ಟ್ ಫೈಲಿಗೆ ಇಳಿದಾಗ ಫಾಂಟಿನ ಹೆಸರು ಅಳಿಸಿಹೋಗುವುದರಿಂದ ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ತುಂಡುಗಳೆಂದೇ ಎಣಿಕೆಯಾಗುತ್ತವೆ. ಗ್ರಂಥಋಣದ ಪುಟ ನೋಡಲು ಮಂತ್ರದಂತಿರುತ್ತದೆ. ಅದನ್ನು ಹಳೆಯ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡು ಹೊಸದಾಗಿ ಟೈಪು ಮಾಡುವುದೇ ಬೇಗ.

ಮೊನ್ನೆ ಹಾವೇರಿಯ ಕಡೆಯ ಒಬ್ಬಳು ಹುಡುಗಿ ಫೋನು ಮಾಡಿ, 'ಅಣ್ಣಾರ, ಮ್ಯಾಕ್‌ಬುಕ್ ತಗೊಳ್ಳಬೇಕಂತ ಮಾಡೇನಿ' ಅಂದಳು. ಯಾವ ಕೆಲಸಕ್ಕವ್ವಾ ಅಂದೆ. ಕಾಕಾರ ಫ್ಲೆಕ್ಸ್ ಅಂಗಡಿ ನೋಡಿಕೊಳ್ಳಬೇಕು, ಜೊತೆಗೆ ಆ್ಯಪ್‌ಗಳ ವಿನ್ಯಾಸ ಕಲಿಯಬೇಕು ಅಂದಳು. ಆ್ಯಪ್ ವಿನ್ಯಾಸದ ಫಿಗ್ಮಾ ಬ್ರೌಸರಿನಲ್ಲೇ ನಡೆಯುತ್ತದೆ, ಅದಕ್ಕೆ ಯಾವ ಯಂತ್ರವಾದರೂ ಸೈ. ಫ್ಲೆಕ್ಸಿಗೆ ಕೋರೆಲ್ ಬೇಕೇ ಬೇಕು. ವಿಂಡೋಸ್ ಲ್ಯಾಪ್‌ಟಾಪ್ ತಗೋ, ರ್‍ಯಾಮ್ ಜಾಸ್ತಿ ಹಾಕಿಸು, ಉಳಿದ ದುಡ್ಡಿಗೆ ಒಂದು ಒಳ್ಳೆಯ ಮಾನಿಟರ್ ಕೊಳ್ಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆದ್ರ ಮ್ಯಾಕ್ ಚೆಂದ ಕಾಣ್ತದಲ್ರೀ' ಅಂದಳು. ಕಾಣ್ತದ, ಅದಕ್ಕೇನೂ ತಕರಾರಿಲ್ಲ ಅಂದೆ.